ಮಗು ಹೇಳಲ್ಲ, ಮೆದುಳು ಕಾಯಲ್ಲ

ಮೂರು ವರ್ಷದ ಮಗುವನ್ನು ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ ಅಂತ ಯಾರಾದರೂ ಹೇಳಿದರೆ ನಮ್ಮ ಮನೆಗಳಲ್ಲಿ ಮೊದಲು ಬರೋ ಮಾತು ಏನು ಗೊತ್ತಾ? ‘ಯಾಕೆ, ಏನಾಗಿದೆ ಅದಕ್ಕೆ? ನೆಲದ ಮೇಲೆ ಹೋಗೋ ಇರುವೇನೂ ಬಿಡಲ್ಲ, ಹುಡುಕಿ ಹಿಡಿಯುತ್ತೆ.’ ಅದರ ಹಿಂದೆಯೇ ಇನ್ನೊಂದು ಮಾತು. ‘ಅದಕ್ಕಿನ್ನೂ ಅ ಆ ಇ ಈ ಬರಲ್ಲ. ಬೋರ್ಡ್ ಓದು ಅಂದ್ರೆ ಏನು ಓದುತ್ತೆ?’

ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡಕ್ಕೂ ಉತ್ತರ ಇದೆ. ಇವತ್ತು ಬ್ರೇಕಿಂಗ್ ನ್ಯೂಸ್ ಎಲ್ಲಾ ಬದಿಗಿಟ್ಟು ಅದನ್ನೇ ಮಾತಾಡೋಣ. ಯಾಕಂದ್ರೆ ಈ ಪ್ರಶ್ನೆ ಕೇಳಿ ಸುಮ್ಮನಾದ ಮನೆಗಳಲ್ಲಿ ಕೆಲವು ಮಕ್ಕಳು ದೊಡ್ಡವರಾಗಿ ಪೊಲೀಸ್ ನೇಮಕಾತಿಗೋ ಸೇನೆಗೋ ರೈಲ್ವೆ ಕೆಲಸಕ್ಕೋ ಅರ್ಜಿ ಹಾಕ್ತಾರೆ. ಓಟದಲ್ಲಿ ಪಾಸ್, ಲಿಖಿತ ಪರೀಕ್ಷೆಯಲ್ಲೂ ಪಾಸ್. ಕೊನೆಗೆ ಮೆಡಿಕಲ್‌ನಲ್ಲಿ ಒಂದು ಕಣ್ಣು ಮುಚ್ಚಿಸಿ ಓದಿಸಿದಾಗ ಗೊತ್ತಾಗುತ್ತೆ, ಎಡಗಣ್ಣು ಹೆಸರಿಗೆ ಮಾತ್ರ ಇದೆ ಅಂತ. ‘ಕನ್ನಡಕ ಹಾಕ್ಕೋತೀನಿ ಸಾರ್’ ಅಂತಾನೆ ಹುಡುಗ. ಕನ್ನಡಕ ಹಾಕಿದರೂ ಕಾಣಲ್ಲ. ಕಣ್ಣಿನಲ್ಲಿ ಪೊರೆ ಇಲ್ಲ, ಗಾಯ ಇಲ್ಲ, ನರ ಸರಿಯಾಗಿದೆ. ಆದರೂ ಕಾಣಲ್ಲ.

ಇದಕ್ಕೆ ವೈದ್ಯರು ಇಟ್ಟಿರೋ ಹೆಸರು ಆಂಬ್ಲಿಯೋಪಿಯಾ. ಜನರ ಬಾಯಲ್ಲಿ ಸೋಮಾರಿ ಕಣ್ಣು. ಬೇರೆ ಬೇರೆ ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನೂರು ಮಕ್ಕಳಲ್ಲಿ ಒಂದರಿಂದ ನಾಲ್ಕು ಮಕ್ಕಳಿಗೆ ಇರೋ ತೊಂದರೆ ಇದು. ಹೆಸರು ಕೇಳಿ ಕಣ್ಣಿಗೆ ಬೈಬೇಡಿ. ಸೋಮಾರಿ ಕಣ್ಣಲ್ಲ, ಕಣ್ಣಿನ ಹಿಂದೆ ಇರೋ ಮೆದುಳು. ಅದನ್ನೂ ಸೋಮಾರಿ ಅನ್ನೋದು ಸರಿಯಲ್ಲ. ಅದು ತನ್ನ ಕೆಲಸ ತಾನು ಬಹಳ ಜಾಣತನದಿಂದ ಮಾಡಿದೆ, ಅದೇ ತೊಂದರೆ.

ನಮ್ಮ ಸ್ಟುಡಿಯೋ ಉದಾಹರಣೆಯನ್ನೇ ತಗೊಳ್ಳಿ. ನನ್ನ ಮುಂದೆ ಎರಡು ಕ್ಯಾಮೆರಾ ಇರುತ್ತೆ ಅಂದುಕೊಳ್ಳಿ. ಎರಡರ ಚಿತ್ರವೂ ಒಳಗೆ ಕಂಟ್ರೋಲ್ ರೂಮ್‌ಗೆ ಹೋಗುತ್ತೆ. ಒಂದು ಕ್ಯಾಮೆರಾದ ಫೋಕಸ್ ಕೆಟ್ಟಿದೆ, ಚಿತ್ರ ಮಸುಕು. ಒಳಗೆ ಕೂತಿರೋರು ಏನು ಮಾಡ್ತಾರೆ? ಮಸುಕು ಚಿತ್ರವನ್ನ ನಿಮಗೆ ತೋರಿಸಲ್ಲ, ಚೆನ್ನಾಗಿರೋ ಕ್ಯಾಮೆರಾಕ್ಕೇ ಕಟ್ ಮಾಡ್ತಾರೆ. ಒಂದು ದಿನ ಹೀಗೆ, ಎರಡು ದಿನ ಹೀಗೆ. ಆರು ತಿಂಗಳಾದ ಮೇಲೆ ಆ ಕ್ಯಾಮೆರಾದ ವೈರನ್ನೇ ಬೇರೆ ಯಾವುದಕ್ಕೋ ಬಳಸಿಕೊಂಡಿರ್ತಾರೆ. ಆಮೇಲೆ ನೀವು ಹೊಸ ಲೆನ್ಸ್ ತಂದು ಹಾಕಿ, ಕ್ಯಾಮೆರಾ ಥಳಥಳ ಅಂತಿರುತ್ತೆ, ಒಳಗೆ ಚಿತ್ರ ಮಾತ್ರ ಬರಲ್ಲ. ಮಗುವಿನ ತಲೆಯಲ್ಲಿ ಆಗೋದು ಹೆಚ್ಚು ಕಮ್ಮಿ ಇದೇ.

ಹುಟ್ಟಿದ ಮಗುವಿಗೆ ಕಣ್ಣಿದೆ, ಆದರೆ ನಮ್ಮ ಹಾಗೆ ಕಾಣಲ್ಲ. ಎತ್ತಿಕೊಂಡ ತಾಯಿಯ ಮುಖ ಎಷ್ಟು ದೂರದಲ್ಲಿ ಇರುತ್ತೋ ಹೆಚ್ಚುಕಮ್ಮಿ ಅಷ್ಟು ದೂರದ್ದು ಮಾತ್ರ, ಅದೂ ಮಸುಕು ಮಸುಕಾಗಿ. ಎರಡು ಮೂರು ತಿಂಗಳಿಗೆ ಮುಖ ಗುರುತಿಸಿ ನಗುತ್ತೆ, ಆಡೋ ವಸ್ತುವಿನ ಹಿಂದೆ ಕಣ್ಣು ಹೊರಳಿಸುತ್ತೆ. ಮುಂದಿನ ಏಳೆಂಟು ವರ್ಷ ಮೆದುಳು ನೋಡೋದನ್ನ ಕಲಿಯುತ್ತಾ ಇರುತ್ತೆ, ಮಾತು ಕಲಿತ ಹಾಗೆ, ನಡಿಗೆ ಕಲಿತ ಹಾಗೆ. ಮೊದಲ ಮೂರು ನಾಲ್ಕು ವರ್ಷದ ಕಲಿಕೆ ಬಹಳ ಜೋರು. ಆಮೇಲೆ ನಿಧಾನವಾಗಿ ಬಾಗಿಲು ಮುಚ್ಚುತ್ತಾ ಬರುತ್ತೆ.

ಈ ಬಾಗಿಲಿನ ವಿಷಯ ಊಹೆಯಲ್ಲ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅನ್ನೋ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಕೆಲವು ವಾರ ಮುಚ್ಚಿಟ್ಟರು. ಕ್ರೂರ ಅನ್ನಿಸುತ್ತೆ, ಹೌದು. ರೆಪ್ಪೆ ತೆರೆದಾಗ ಕಣ್ಣು ಸರಿಯಾಗೇ ಇತ್ತು. ಆದರೆ ಮೆದುಳಿನ ಜೀವಕೋಶಗಳು ಆ ಕಣ್ಣಿನ ಮಾತು ಕೇಳೋದನ್ನೇ ಬಿಟ್ಟಿದ್ದವು. ಅದೇ ಪ್ರಯೋಗವನ್ನ ಬೆಳೆದ ಬೆಕ್ಕಿನ ಮೇಲೆ ಮಾಡಿದಾಗ ಏನೂ ಆಗಲಿಲ್ಲ. ಅಂದ್ರೆ ಪೆಟ್ಟು ಬೀಳೋದು ಎಳೆತನದಲ್ಲಿ ಮಾತ್ರ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇವತ್ತು ಚಿಕ್ಕ ಮಕ್ಕಳ ಕಣ್ಣು ಬೇಗ ನೋಡಿ ಅಂತ ಡಾಕ್ಟರುಗಳು ಅವಸರ ಮಾಡೋದರ ಹಿಂದೆ ಆ ಬೆಕ್ಕಿನ ಮರಿಗಳಿವೆ.

ಈಗ ಮೊದಲನೇ ಪ್ರಶ್ನೆಗೆ ಬನ್ನಿ. ಇರುವೆ ಹಿಡಿಯೋ ಮಗುವಿಗೆ ತೊಂದರೆ ಹೇಗಿರುತ್ತೆ?

ಇರುವೆ ಹಿಡಿಯೋಕೆ ಒಂದು ಕಣ್ಣು ಸಾಕು. ಇಡೀ ವಿಷಯದ ಗುಟ್ಟು ಇಲ್ಲಿದೆ. ಬಲಗಣ್ಣಿಗೆ ನಂಬರ್ ಇಲ್ಲ, ಎಡಗಣ್ಣಿಗೆ ಪ್ಲಸ್ ನಾಲ್ಕು ಇದೆ ಅಂತಿಟ್ಟುಕೊಳ್ಳಿ. ಮಗು ಓಡುತ್ತೆ, ಆಡುತ್ತೆ, ಟಿವಿ ನೋಡುತ್ತೆ, ಚಿತ್ರ ತೋರಿಸಿ ‘ಆನೆ’ ಅನ್ನುತ್ತೆ. ಕಣ್ಣು ಕೆಂಪಾಗಲ್ಲ, ನೋವಾಗಲ್ಲ, ನೀರು ಬರಲ್ಲ. ಹೊರಗಿನಿಂದ ನೋಡಿದರೆ ಎರಡು ಕಣ್ಣೂ ಲಕ್ಷಣವಾಗಿವೆ. ಮಗು ದೂರು ಹೇಳಬೇಕಲ್ವಾ ಅಂದ್ರೆ, ಹೇಗೆ ಹೇಳುತ್ತೆ? ಒಂದು ಕಾಲದಲ್ಲಿ ಚೆನ್ನಾಗಿ ಕಂಡು ಆಮೇಲೆ ಕಮ್ಮಿಯಾದರೆ ನಾವು ನೀವು ಹೇಳ್ತೀವಿ. ಹುಟ್ಟಿದಾಗಿನಿಂದ ಹೀಗೇ ಕಂಡಿರೋ ಮಗುವಿಗೆ ಜಗತ್ತು ಇರೋದೇ ಹೀಗೆ. ಅಪ್ಪ ಅಮ್ಮ ದಡ್ಡರಾಗಿದ್ದಕ್ಕೆ ಇದು ತಪ್ಪಿಹೋಗೋದಲ್ಲ. ಡಾಕ್ಟರ್ ಮನೆಯ ಮಗುವಿನಲ್ಲೂ ಬರಿಗಣ್ಣಿಗೆ ಗೊತ್ತಾಗಲ್ಲ. ಅದಕ್ಕೇ ಪರೀಕ್ಷೆ.

ಕಣ್ಣಿಗೆ ಕಾಣೋ ತೊಂದರೆಗಳೂ ಇವೆ. ಮೆಳ್ಳೆಗಣ್ಣು, ವಾರೆಗಣ್ಣು ಅಂತೀವಲ್ಲ, ಒಂದು ಕಣ್ಣು ಮೂಗಿನ ಕಡೆಗೋ ಕಿವಿಯ ಕಡೆಗೋ ಜಾರಿರೋದು. ಎರಡು ಕಣ್ಣು ಎರಡು ಕಡೆ ನೋಡಿದರೆ ಮೆದುಳಿಗೆ ಒಂದೇ ವಸ್ತು ಎರಡಾಗಿ ಕಾಣುತ್ತೆ. ಆ ಗೊಂದಲ ಬೇಡ ಅಂತ ಮೆದುಳು ಜಾರಿದ ಕಣ್ಣನ್ನ ಆಫ್ ಮಾಡಿಬಿಡುತ್ತೆ. ಇಲ್ಲಿ ನಮ್ಮ ಜನರ ನಂಬಿಕೆ ಅಡ್ಡ ಬರುತ್ತೆ. ‘ಮೆಳ್ಳೆಗಣ್ಣು ಅದೃಷ್ಟ’ ಅನ್ನೋರಿದ್ದಾರೆ. ‘ದೊಡ್ಡವನಾದ ಮೇಲೆ ತಾನಾಗೇ ಸರಿಹೋಗುತ್ತೆ’ ಅನ್ನೋ ಅಜ್ಜಿಯರಿದ್ದಾರೆ. ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಮೊದಲ ಮೂರು ನಾಲ್ಕು ತಿಂಗಳು ಕೂಸಿನ ಕಣ್ಣು ಆಗಾಗ ಹೊರಳೋದು ಸಹಜ. ಕೆಲವು ಮಕ್ಕಳಿಗೆ ಮೂಗಿನ ಬುಡ ಅಗಲ, ಅದರಿಂದ ಕಣ್ಣು ಒಳಗೆ ಸರಿದ ಹಾಗೆ ಬರೀ ಕಾಣುತ್ತೆ, ಮುಖ ಬೆಳೆದ ಹಾಗೆ ಅದು ಹೋಗುತ್ತೆ. ಆದರೆ ನಾಲ್ಕು ತಿಂಗಳು ದಾಟಿದ ಮೇಲೂ ಕಣ್ಣು ಜಾರ್ತಾ ಇದ್ದರೆ ಅದು ನಿಜವಾದ ಮೆಳ್ಳೆಗಣ್ಣೋ, ಮೂಗಿನ ಮಾಯೆಯೋ ಅನ್ನೋದನ್ನ ಅಜ್ಜಿ ಹೇಳೋಕಾಗಲ್ಲ. ಡಾಕ್ಟರ್ ಒಂದು ಟಾರ್ಚ್ ಬಿಟ್ಟು, ಒಂದೊಂದೇ ಕಣ್ಣು ಮುಚ್ಚಿ ತೆಗೆದು ನಿಮಿಷಗಳಲ್ಲಿ ಹೇಳ್ತಾರೆ.

ಇನ್ನೊಂದು ವಿಷಯ. ಕೆಲವು ಮೆಳ್ಳೆಗಣ್ಣು ಬರೀ ಪ್ಲಸ್ ಕನ್ನಡಕದಿಂದ ನೆಟ್ಟಗಾಗುತ್ತೆ, ಆಪರೇಷನ್ ಬೇಕಾಗಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಆಪರೇಷನ್ ಅಂದ್ರೆ ಭಯ ಅಂತ ಆಸ್ಪತ್ರೆಯ ಮೆಟ್ಟಿಲೇ ಹತ್ತಲ್ಲ.

ಎರಡನೇ ಪ್ರಶ್ನೆ, ಅಕ್ಷರ ಬಾರದ ಮಗುವಿನ ಕಣ್ಣನ್ನ ಪರೀಕ್ಷೆ ಮಾಡೋದು ಹೇಗೆ? ನನಗೆ ಇದರಲ್ಲಿ ಬಹಳ ಇಷ್ಟವಾಗಿದ್ದು ಈ ಭಾಗ. ಮಗು ಒಂದು ಮಾತೂ ಆಡಬೇಕಾಗಿಲ್ಲ. ಕತ್ತಲೆ ಕೋಣೆಯಲ್ಲಿ ರೆಟಿನೋಸ್ಕೋಪ್ ಅನ್ನೋ ಚಿಕ್ಕ ಉಪಕರಣದಿಂದ ಕಣ್ಣೊಳಗೆ ಬೆಳಕಿನ ಗೆರೆ ಬಿಡ್ತಾರೆ. ಆ ಬೆಳಕು ಕಣ್ಣಿನ ಹಿಂಭಾಗಕ್ಕೆ ತಾಗಿ ವಾಪಸ್ ಬರುತ್ತೆ. ಉಪಕರಣ ಅಲುಗಿಸಿದಾಗ ವಾಪಸ್ ಬಂದ ಬೆಳಕು ಅದೇ ದಿಕ್ಕಿಗೆ ಹೋಯ್ತಾ, ಎದುರು ದಿಕ್ಕಿಗೆ ಹೋಯ್ತಾ ಅಂತ ನೋಡ್ತಾರೆ. ಒಂದಾದ ಮೇಲೊಂದು ಲೆನ್ಸ್ ಹಿಡಿದು ಆ ಬೆಳಕಿನ ಓಡಾಟ ನಿಲ್ಲೋ ತನಕ ಬದಲಿಸ್ತಾರೆ. ನಿಂತ ಲೆನ್ಸಿನ ಲೆಕ್ಕದಿಂದ ಕನ್ನಡಕದ ನಂಬರ್ ಸಿಗುತ್ತೆ. ಮಗು ಅಮ್ಮನ ತೊಡೆ ಮೇಲೆ ಕೂತು ಬಿಸ್ಕತ್ತು ತಿಂತಾ ಇರುತ್ತೆ.

ಇದಕ್ಕಿಂತ ಬೇಗ ಆಗೋದು ಫೋಟೋ ಸ್ಕ್ರೀನರ್. ಕ್ಯಾಮೆರಾ ತರಹದ ಯಂತ್ರ. ಒಂದು ಮೀಟರ್ ದೂರದಲ್ಲಿ ಹಿಡಿದರೆ ಹಕ್ಕಿ ಕೂಗಿದ ಹಾಗೆ ಸದ್ದು, ಮಿನುಗೋ ದೀಪ. ಮಗು ತಿರುಗಿ ನೋಡಿದರೆ ಸಾಕು, ಕೆಲವೇ ಸೆಕೆಂಡಿನಲ್ಲಿ ಎರಡೂ ಕಣ್ಣಿನ ನಂಬರ್‌ನ ಅಂದಾಜು, ಕಣ್ಣು ನೆಟ್ಟಗಿದೆಯಾ ಅನ್ನೋದು ಪರದೆ ಮೇಲೆ ಬರುತ್ತೆ. ಒಂದು ಎಚ್ಚರ ಇರಲಿ. ಈ ಯಂತ್ರ ಹೇಳೋದು ತೊಂದರೆಯ ಸಾಧ್ಯತೆ ಮಾತ್ರ, ಮಗುವಿಗೆ ಎಷ್ಟು ಕಾಣುತ್ತೆ ಅನ್ನೋದನ್ನಲ್ಲ. ಯಂತ್ರ ಕೆಂಪು ದೀಪ ತೋರಿಸಿದ ತಕ್ಷಣ ಅದೇ ಅಂಗಡಿಯಲ್ಲಿ ಕನ್ನಡಕ ಕೊಳ್ಳಬೇಡಿ. ಚಿಕ್ಕ ಮಕ್ಕಳ ಕಣ್ಣು ಫೋಕಸ್ ಮಾಡಿ ಮಾಡಿ ನಂಬರನ್ನ ಬಚ್ಚಿಡುತ್ತೆ. ಡ್ರಾಪ್ಸೋ ಮುಲಾಮೋ ಹಾಕಿ, ಆ ಸ್ನಾಯುವನ್ನ ಸ್ವಲ್ಪ ಹೊತ್ತು ಸುಮ್ಮನಾಗಿಸಿ ನೋಡಿದ ನಂಬರ್ ಮಾತ್ರ ನಂಬೋ ನಂಬರ್.

ಮೂರು ಮೂರೂವರೆ ವರ್ಷವಾದ ಮೇಲೆ ಮಗುವೇ ಉತ್ತರ ಕೊಡುತ್ತೆ. ಅಕ್ಷರದ ಬದಲು ಮನೆ, ಸೇಬು, ವೃತ್ತ, ಚೌಕದ ಚಿತ್ರ ಇರೋ ಚಾರ್ಟ್ ಇದೆ. ಹೆಸರು ಹೇಳೋಕೆ ನಾಚಿಕೆಯಾದರೆ ಕೈಯಲ್ಲಿರೋ ಕಾರ್ಡಿನಲ್ಲಿ ಅದೇ ಚಿತ್ರ ಮುಟ್ಟಿ ತೋರಿಸಿದರೆ ಆಯ್ತು. ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು, ಪೂರ್ತಿಯಾಗಿ. ಪುಟ್ಟ ಕಳ್ಳರು ಬೆರಳ ಸಂದಿಯಲ್ಲಿ ಇಣುಕ್ತಾರೆ.

ಸರಿ, ಹಾಗಾದರೆ ಎಷ್ಟನೇ ವಯಸ್ಸಿಗೆ? ಇಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ, ಅದನ್ನ ನಿಮಗೆ ಮುಚ್ಚಿಟ್ಟು ಮಾತಾಡೋದು ತಪ್ಪು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದಲ್ಲಿ ಹುಟ್ಟಿದ ಮಕ್ಕಳನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟನೇ ತಿಂಗಳಿಂದ ಮೂರು ವರ್ಷದ ತನಕ ಮತ್ತೆ ಮತ್ತೆ ಕಣ್ಣಿನ ಪರೀಕ್ಷೆ. ಇನ್ನೊಂದು ಗುಂಪಿಗೆ ಮೂರು ವರ್ಷ ದಾಟಿದ ಮೇಲೆ ಒಂದೇ ಸಲ. ಏಳೂವರೆ ವರ್ಷಕ್ಕೆ ನೋಡಿದರೆ ಸೋಮಾರಿ ಕಣ್ಣು ಮೊದಲ ಗುಂಪಿನಲ್ಲಿ ನೂರಕ್ಕೆ 0.6, ಎರಡನೇ ಗುಂಪಿನಲ್ಲಿ 1.8. ಬೇಗ ನೋಡಿದ್ದಕ್ಕೆ ಲಾಭ ಇದೆ ಅನ್ನೋರು ಈ ಲೆಕ್ಕ ತೋರಿಸ್ತಾರೆ. ಆದರೆ ಅದೇ ಇಂಗ್ಲೆಂಡ್ ಎಲ್ಲಾ ಮಕ್ಕಳಿಗೂ ಪರೀಕ್ಷೆ ಅಂತ ಇಟ್ಟಿರೋದು ನಾಲ್ಕರಿಂದ ಐದನೇ ವರ್ಷಕ್ಕೆ. ಅಮೆರಿಕದ ತಜ್ಞರ ಕಾರ್ಯಪಡೆ 2017ರಲ್ಲಿ ಹೇಳಿದ್ದು, ಮೂರರಿಂದ ಐದು ವರ್ಷದೊಳಗೆ ಒಮ್ಮೆಯಾದರೂ ಮಾಡಿ, ಮೂರಕ್ಕಿಂತ ಚಿಕ್ಕವರಿಗೆ ಎಲ್ಲರಿಗೂ ಮಾಡಿ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ ಅಂತ. ತೀರಾ ಚಿಕ್ಕ ಮಕ್ಕಳಲ್ಲಿ ಇವತ್ತು ಕಂಡ ನಂಬರ್ ವರ್ಷದೊಳಗೆ ತಾನಾಗೇ ಕಮ್ಮಿಯಾಗಬಹುದು. ಎಲ್ಲರಿಗೂ ಕನ್ನಡಕ ಏರಿಸಿದರೆ ಲಾಭ ಆಗೋದು ಅಂಗಡಿಗೆ.

ನನ್ನ ಅಭಿಪ್ರಾಯ ಕೇಳಿದರೆ, ಮೂರನೇ ಹುಟ್ಟುಹಬ್ಬ ಕಳೆದ ಮೇಲೆ ನಾಲ್ಕು ತುಂಬೋ ಮುಂಚೆ ಒಂದು ಸಲ ಎಲ್ಲಾ ಮಕ್ಕಳಿಗೂ. ಕೇಕಿಗೆ, ಬಲೂನಿಗೆ ಖರ್ಚು ಮಾಡ್ತೀವಿ, ಇದಕ್ಕೂ ಒಂದು ಬೆಳಗ್ಗೆ ಕೊಡೋಣ. ಅಪ್ಪ ಅಮ್ಮ ಅಣ್ಣ ಅಕ್ಕ ಯಾರಿಗಾದರೂ ಚಿಕ್ಕಂದಿನಲ್ಲೇ ದಪ್ಪ ಕನ್ನಡಕ ಅಥವಾ ಮೆಳ್ಳೆಗಣ್ಣು ಇದ್ದರೆ, ಮಗು ತಿಂಗಳು ತುಂಬೋ ಮುಂಚೆ ಹುಟ್ಟಿದ್ದರೆ, ಒಂದು ವರ್ಷದ ಹೊತ್ತಿಗೇ ತೋರಿಸಿ. ಸೋದರಮಾವನ ಮನೆಯ ಸಂಬಂಧ, ಅಕ್ಕನ ಮಗಳ ಸಂಬಂಧ ನಮ್ಮಲ್ಲಿ ಇವತ್ತಿಗೂ ಇದೆ. ವಂಶದಲ್ಲಿ ಬರೋ ಕೆಲವು ಕಣ್ಣಿನ ರೋಗಗಳು ಇಂಥ ಮದುವೆಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತವೆ. ಅಂಥ ಮನೆಯವರೂ ಮುಂಚಿತವಾಗಿ ತೋರಿಸೋದು ಒಳ್ಳೇದು.

ಮೂರು ವರ್ಷ ಅಲ್ಲ, ಮೂರು ದಿನವೂ ಕಾಯಬಾರದ ಕಣ್ಣುಗಳೂ ಇವೆ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ಮಗುವಿನ ಫೋಟೋ ತೆಗೆದಾಗ ಕಣ್ಣಿನ ಪಾಪೆ ಸಾಮಾನ್ಯವಾಗಿ ಕೆಂಪಗೆ ಬರುತ್ತೆ. ಒಂದು ಕಣ್ಣು ಕೆಂಪು, ಇನ್ನೊಂದು ಬೆಳ್ಳಗೆ, ಬೆಕ್ಕಿನ ಕಣ್ಣಿನ ಹಾಗೆ ಹೊಳೆದರೆ ಫೋಟೋ ಡಿಲೀಟ್ ಮಾಡಬೇಡಿ. ಅದನ್ನೇ ಹಿಡ್ಕೊಂಡು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಎಷ್ಟೋ ಸಲ ಬರೀ ಬೆಳಕಿನ ಕೋನದ ಆಟ ಇರುತ್ತೆ. ಕೆಲವು ಸಲ ಹುಟ್ಟಿನಿಂದ ಬಂದ ಪೊರೆ. ಅಪರೂಪಕ್ಕೆ, ಸುಮಾರು 15ರಿಂದ 20 ಸಾವಿರ ಮಕ್ಕಳಲ್ಲಿ ಒಂದಕ್ಕೆ, ರೆಟಿನೋಬ್ಲಾಸ್ಟೋಮಾ, ಅಂದ್ರೆ ಕಣ್ಣಿನೊಳಗಿನ ಕ್ಯಾನ್ಸರ್. ಬೇಗ ಸಿಕ್ಕರೆ ಜೀವ ಉಳಿಯುತ್ತೆ, ಎಷ್ಟೋ ಮಕ್ಕಳಲ್ಲಿ ಕಣ್ಣೂ ಉಳಿಯುತ್ತೆ.

ಇನ್ನು ‘ಎಷ್ಟು ದೊಡ್ಡ ಕಣ್ಣು, ಎಷ್ಟು ಚೆಂದ’ ಅಂತ ದೃಷ್ಟಿ ತೆಗೆಯೋದು. ಕೂಸಿನ ಕಣ್ಣು ದಿನದಿಂದ ದಿನಕ್ಕೆ ದೊಡ್ಡದಾಗ್ತಾ ಇದ್ದು, ಬಿಸಿಲಿಗೆ ಮುಖ ಮುಚ್ಚಿಕೊಂಡು, ಸದಾ ನೀರು ಸುರಿಸ್ತಾ ಇದ್ದರೆ ಅದು ಚೆಂದ ಅಲ್ಲದೇ ಇರಬಹುದು. ಕಣ್ಣಿನೊಳಗೆ ಒತ್ತಡ ಹೆಚ್ಚಾದ ಗ್ಲಾಕೋಮಾ ಇರಬಹುದು. ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ಇಳಿಯೋ ಒತ್ತಡ ಅಲ್ಲ ಅದು.

ತಿಂಗಳು ತುಂಬೋ ಮುಂಚೆ ಹುಟ್ಟಿದ, 2 ಕೆ.ಜಿ.ಗಿಂತ ಕಮ್ಮಿ ತೂಕದ ಕೂಸುಗಳಿಗೆ ಹುಟ್ಟಿದ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. ಇದರಲ್ಲಿ ನಮ್ಮ ರಾಜ್ಯ ದೇಶಕ್ಕೇ ದಾರಿ ತೋರಿಸಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗ್ತಾರೆ. ಕೂಸಿನ ರೆಟಿನಾದ ಚಿತ್ರ ತೆಗೀತಾರೆ. ತಜ್ಞರು ಬೆಂಗಳೂರಿನಲ್ಲೇ ಕೂತು ಆ ಚಿತ್ರ ನೋಡಿ ಯಾವ ಕೂಸಿಗೆ ಲೇಸರ್ ಬೇಕು ಅಂತ ಹೇಳ್ತಾರೆ. ಡಾಕ್ಟರ್ ಇಲ್ಲದ ಊರಿಗೆ ಡಾಕ್ಟರ ಕಣ್ಣು ಹೋಗೋದು ಅಂದ್ರೆ ಇದು.

ಸೋಮಾರಿ ಕಣ್ಣಿಗೆ ಬೇಗ ಸಿಕ್ಕರೆ ಚಿಕಿತ್ಸೆ ಏನು? ಲೇಸರ್ ಇಲ್ಲ, ದುಬಾರಿ ಔಷಧಿ ಇಲ್ಲ. ಮೊದಲು ಸರಿಯಾದ ಕನ್ನಡಕ. ಎಷ್ಟೋ ಮಕ್ಕಳಿಗೆ ಅದರಿಂದಲೇ ಅರ್ಧ ಕೆಲಸ ಆಗುತ್ತೆ. ಸಾಲದಿದ್ದರೆ ಚೆನ್ನಾಗಿರೋ ಕಣ್ಣಿಗೆ ಪಟ್ಟಿ. ಹೌದು, ಚೆನ್ನಾಗಿರೋದಕ್ಕೇ! ಚೆನ್ನಾಗಿರೋ ಕ್ಯಾಮೆರಾ ಸ್ವಲ್ಪ ಹೊತ್ತು ಬಂದ್ ಮಾಡಿದರೆ ಕಂಟ್ರೋಲ್ ರೂಮಿಗೆ ಇನ್ನೊಂದರ ಚಿತ್ರ ತಗೊಳ್ಳದೇ ಗತಿಯಿಲ್ಲ. ಮಧ್ಯಮ ಮಟ್ಟದ ತೊಂದರೆಗೆ ದಿನಕ್ಕೆ ಎರಡು ಗಂಟೆ ಪಟ್ಟಿ ಕಟ್ಟಿದರೂ ಆರು ಗಂಟೆ ಕಟ್ಟಿದಷ್ಟೇ ಫಲ ಅಂತ 2003ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಪಟ್ಟಿ ಕಿತ್ತೆಸೆಯೋ ಮಕ್ಕಳಿಗೆ ಚೆನ್ನಾಗಿರೋ ಕಣ್ಣನ್ನ ಮಸುಕು ಮಾಡೋ ಆಟ್ರೋಪಿನ್ ಡ್ರಾಪ್ಸ್ ಕೂಡ ಇದೆ.

ಕೇಳೋಕೆ ಸುಲಭ, ಮನೆಯಲ್ಲಿ ಕಷ್ಟ. ಮಗು ಅಳುತ್ತೆ. ಪಕ್ಕದ ಮನೆಯವರು ‘ಅಯ್ಯೋ ಕಣ್ಣಿಗೆ ಏನಾಯ್ತು’ ಅಂತ ಬರ್ತಾರೆ. ಹೆಣ್ಣುಮಗು ಆದರೆ ‘ಈಗಲೇ ಸೋಡಾಬುಡ್ಡಿ ಹಾಕಿದ್ರೆ ಮುಂದೆ ಹೇಗೆ’ ಅಂತ ಒಬ್ಬರಾದರೂ ಅಂತಾರೆ. ಮೂರು ವಾರಕ್ಕೆ ಪಟ್ಟಿ ಬೀರು ಸೇರುತ್ತೆ. ಚಿಕಿತ್ಸೆ ಸೋಲೋದು ಹೆಚ್ಚಾಗಿ ಇಲ್ಲೇ, ಆಸ್ಪತ್ರೆಯಲ್ಲಲ್ಲ. ಪಟ್ಟಿ ಕಟ್ಟೋ ಹೊತ್ತನ್ನ ಮಗುವಿಗೆ ಇಷ್ಟವಾದ ಆಟಕ್ಕೆ ಇಡಿ. ಹೂ ಪೋಣಿಸೋದು, ಬಣ್ಣ ಹಚ್ಚೋದು, ಕಡಲೆಕಾಯಿ ಬಿಡಿಸೋದು, ಹತ್ತಿರದಿಂದ ಕಣ್ಣಿಟ್ಟು ಮಾಡೋ ಯಾವ ಕೆಲಸವಾದರೂ ಸರಿ. ಡಾಕ್ಟರ್ ಹೇಳಿದ ಗಂಟೆಗಿಂತ ಹೆಚ್ಚು ಮಾತ್ರ ಕಟ್ಟಬೇಡಿ. ಚೆನ್ನಾಗಿರೋ ಕಣ್ಣೂ ಹಿಂದೆ ಬೀಳಬಹುದು, ಅದಕ್ಕೇ ಮರುಪರೀಕ್ಷೆ.

ಏಳು ದಾಟಿದ ಮಗುವಿನ ಅಪ್ಪ ಅಮ್ಮ ಇದನ್ನ ಓದ್ತಾ ಇದ್ದರೆ ಹೆದರಬೇಡಿ. ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೂ ಪಟ್ಟಿ ಕಟ್ಟಿ ನೋಡಿದ್ದಾರೆ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಸುಧಾರಣೆ ಕಂಡಿದೆ. ತಡವಾಯ್ತು ಅಂದ್ರೆ ಮುಗೀತು ಅಂತಲ್ಲ. ಫಲ ಕಮ್ಮಿ, ಶ್ರಮ ಜಾಸ್ತಿ.

ಈಗ ಸರ್ಕಾರದ ಕಡೆ ನೋಡೋಣ. ವಯಸ್ಸಾದವರ ಕಣ್ಣಿನ ವಿಷಯದಲ್ಲಿ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ಮಾಡಿದ ನಾಡು ಇದು. ಪೊರೆ ಬಂದ ಅಜ್ಜನನ್ನ ಗಾಡಿ ಕಟ್ಟಿಕೊಂಡು ಕರೆದೊಯ್ದಿದ್ದೇವೆ. ಮೊಮ್ಮಗುವಿನ ಕಣ್ಣಿಗೆ ಮಾತ್ರ ಆ ಅಭ್ಯಾಸ ಇನ್ನೂ ಬಂದಿಲ್ಲ. ವ್ಯವಸ್ಥೆ ಇಲ್ಲ ಅಂತಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನ ನೋಡಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ದೃಷ್ಟಿದೋಷ, ಹುಟ್ಟಿನ ಪೊರೆ, ಎ ಜೀವಸತ್ವದ ಕೊರತೆ ಎಲ್ಲಾ ಇದೆ. ತೊಂದರೆ ಕಂಡರೆ ಮುಂದಿನ ಪರೀಕ್ಷೆ, ಚಿಕಿತ್ಸೆ ಉಚಿತ. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ನೆಲದ ಮೇಲೆ, ಒಂದು ತಂಡ ಒಂದು ಬೆಳಗ್ಗೆಯಲ್ಲಿ ಇಡೀ ಅಂಗನವಾಡಿಯ ತೂಕ, ಎತ್ತರ, ಹಲ್ಲು, ಚರ್ಮ, ರಕ್ತಹೀನತೆ ಎಲ್ಲಾ ನೋಡಿ ಮುಗಿಸಬೇಕು. ಒಂದೊಂದೇ ಕಣ್ಣು ಮುಚ್ಚಿಸಿ ನೋಡೋ ತಾಳ್ಮೆಗೆ ಸಮಯ ಎಲ್ಲಿದೆ? ಟಾರ್ಚ್ ಬಿಟ್ಟು ‘ಸರಿಯಿದೆ’ ಅಂತ ಬರೆದರೆ ನಾನು ಮೊದಲು ಹೇಳಿದ ಆ ಪ್ಲಸ್ ನಾಲ್ಕರ ಮಗು ಸರಿಯಾಗಿಯೇ ದಾಟಿಹೋಗುತ್ತೆ. ಫೋಟೋ ಸ್ಕ್ರೀನರ್ ಬಂದಿರೋದೇ ಇಂಥ ಕಡೆಗೆ. ತಾಲ್ಲೂಕಿಗೆ ಒಂದು ಕೊಟ್ಟು, ಬಳಸೋದನ್ನ ಕಲಿಸಿದರೆ ಆಗೋ ಕೆಲಸ. ಇದನ್ನ ಕೇಳಬೇಕಾದವರು ನಮ್ಮ ಶಾಸಕರು, ಕೇಳಿಸಬೇಕಾದವರು ನಾವು.

ಅಲ್ಲಿಯ ತನಕ ಹೀಗೆ ಮಾಡಿ. ತಂಡ ಯಾವತ್ತು ಬರುತ್ತೆ ಅಂತ ಅಂಗನವಾಡಿ ಕಾರ್ಯಕರ್ತೆಯನ್ನ ಮುಂಚೆಯೇ ಕೇಳಿ, ಆ ದಿನ ಮಗುವನ್ನ ತಪ್ಪಿಸಬೇಡಿ. ‘ಎರಡು ಕಣ್ಣನ್ನೂ ಬೇರೆ ಬೇರೆಯಾಗಿ ನೋಡಿದ್ರಾ ಮೇಡಂ?’ ಅಂತ ಒಂದು ಮಾತು ಕೇಳಿ. ಮುಂದೆ ಕಳಿಸಿದರೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಅಲ್ಲಿಗೆ ಹೋಗೋವಾಗ ಮಗುವಿಗೆ ಹೊಟ್ಟೆತುಂಬ ತಿನ್ನಿಸಿ, ನಿದ್ದೆಯ ಹೊತ್ತು ತಪ್ಪಿಸಿ ಕರ್ಕೊಂಡು ಹೋಗಿ. ಕಾಡಿಗೆ ಹಚ್ಚಬೇಡಿ. ಔಷಧಿ ಹಾಕಿದ ಮೇಲೆ ಪಾಪೆ ದೊಡ್ಡದಾಗುತ್ತೆ, ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತೆ, ಆಟ್ರೋಪಿನ್ ಆದರೆ ವಾರಕ್ಕೂ ಹೆಚ್ಚು ದಿನ ಹಾಗಿರಬಹುದು. ಮುಖ ತೀರಾ ಕೆಂಪಾಗಿ ಜ್ವರ ಬಂದರೆ ಔಷಧಿ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ ಗಾಬರಿ ಬೇಡ, ತಲೆಗೆ ಒಂದು ಟೋಪಿ ಹಾಕಿ ಮನೆಗೆ ಕರ್ಕೊಂಡು ಬನ್ನಿ.